ಸಂಪರ್ಕ ಸಿಗದ ತಂತ್ರಾಂಶ: ದೋಷ ಯಾರ ಕಡೆಯದು?

ಪ್ರತಿ ತಿಂಗಳ 20ನೆಯ ತಾರೀಖು ಸಮೀಪಿಸಿದಂತೆ ಮಂಡಿ, ಅಂಗಡಿ ಹಾಗೂ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳಲ್ಲಿ ‘ಸರ್ವರ್ ಸಂಪರ್ಕ ಸಿಗುತ್ತಿಲ್ಲ’ ಎಂಬ ದೂರು ಕೇಳಿಬರುವುದು ಸರ್ವೇಸಾಮಾನ್ಯ. ಜಿಎಸ್‌ಟಿಆರ್-3ಬಿ ಸಲ್ಲಿಸಲು ಕುಳಿತ ಗುಮಾಸ್ತರು ತೆರೆಯ ಮೇಲೆ ಮೂಡಿದ ಸಾಲನ್ನು ಮಾಲೀಕರಿಗೆ ಓದಿ ಹೇಳುತ್ತಾರೆ. ಮಾಲೀಕರು ಅಂತರಜಾಲ ಸೇವೆಯವರಿಗೆ ಕರೆ ಮಾಡಿದರೆ ‘ನಮ್ಮ ಲೈನ್ ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ. ತಂತ್ರಾಂಶ ಮಾರಿದವರು ಸರ್ಕಾರದ ಪೋರ್ಟಲ್‌ನತ್ತ ಬೊಟ್ಟು ಮಾಡುತ್ತಾರೆ. ಈ ಸುತ್ತು ಮುಗಿಯುವ ವೇಳೆಗೆ ದಿನವೂ ಮುಗಿದಿರುತ್ತದೆ.

ಇದನ್ನು ಗಣಕಯಂತ್ರದ ರಿಪೇರಿಯವನ ಪಾಲಿಗೆ ಬಿಡತಕ್ಕ ವಿಷಯವೆಂದು ಬಹುತೇಕ ವರ್ತಕರು ಭಾವಿಸಿದ್ದಾರೆ. ವಾಸ್ತವದಲ್ಲಿ, ಸಂಪರ್ಕದ ಸರಪಳಿ ಎಲ್ಲಿ ತುಂಡಾಯಿತು ಎಂಬುದರ ಮೇಲೆಯೇ ಹಣದ ಹೊಣೆ ಯಾರದೆಂಬುದು ನಿಂತಿದೆ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯು 2018ರ ಏಪ್ರಿಲ್ 3ರಂದು ಹೊರಡಿಸಿದ 39/13/2018 ಸಂಖ್ಯೆಯ ಸುತ್ತೋಲೆಯನ್ನು ಗಮನಿಸಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿಯೇ ದೋಷ ಉಂಟಾಗಿ ಬಹುಸಂಖ್ಯೆಯ ತೆರಿಗೆದಾರರಿಗೆ ತೊಂದರೆಯಾದಾಗ ಪರಿಹಾರದ ಏರ್ಪಾಡನ್ನು ಅದು ಕಲ್ಪಿಸಿತು; ಆದರೆ ಒಬ್ಬ ತೆರಿಗೆದಾರನ ಸ್ಥಳದಲ್ಲಿ ಅಂತರಜಾಲ ಇರಲಿಲ್ಲ, ವಿದ್ಯುತ್ ಹೋಗಿತ್ತು ಎಂಬಂತಹ ಸ್ಥಳೀಯ ಕಾರಣಗಳಿಗೆ ಆ ಏರ್ಪಾಡು ಲಭ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ಅಂದರೆ ದೋಷ ಪೋರ್ಟಲ್‌ನದಾದರೆ ಕೇಳಲು ಒಂದು ಬಾಗಿಲಿದೆ. ಅಂಗಡಿಯೊಳಗಿನದಾದರೆ ವಿಳಂಬ ಶುಲ್ಕವನ್ನು ಕಟ್ಟಲೇಬೇಕು.

ದಿನಕ್ಕೆ 50 ರೂಪಾಯಿಗಳ ವಿಳಂಬ ಶುಲ್ಕ ಚಿಕ್ಕದೆನಿಸಬಹುದು. ಆದರೆ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದ್ದು, ಅದರ ನೋಂದಣಿ ಸಂಖ್ಯೆಯಿಲ್ಲದ ಬಿಲ್ಲನ್ನು ನಿಯಮ 48ರಂತೆ ಬಿಲ್ಲೆಂದೇ ಪರಿಗಣಿಸಲಾಗುವುದಿಲ್ಲ. ತಂತ್ರಾಂಶ ಸಂಪರ್ಕ ಕಳೆದುಕೊಂಡರೆ ಲಾರಿ ಗೇಟಿನಲ್ಲಿಯೇ ನಿಲ್ಲುತ್ತದೆ. ಅವಸರಪಟ್ಟು ಇ-ವೇ ಬಿಲ್ ಇಲ್ಲದೆಯೇ ಕಳುಹಿಸಿ ಸಿಕ್ಕಿಬಿದ್ದರೆ, ಕಲಂ 129ರ ಅನ್ವಯ ದಂಡ ತೆರಿಗೆಯ ಶೇ. 200.

ಪೋರ್ಟಲ್ ಎಂದೂ ತಪ್ಪು ಮಾಡಿಲ್ಲವೆಂದು ಇಲ್ಲಿ ವಾದಿಸುತ್ತಿಲ್ಲ. ಇ-ವೇ ಬಿಲ್ ವ್ಯವಸ್ಥೆ ದೇಶದಾದ್ಯಂತ ಆರಂಭವಾಗಬೇಕಿದ್ದ 2018ರ ಫೆಬ್ರವರಿ 1ರಂದೇ ಅದು ಕುಸಿದು, ಕಡ್ಡಾಯವನ್ನು ಮುಂದೂಡಬೇಕಾಯಿತು. 2020ರ ಮಾರ್ಚ್ 14ರಂದು ನಂದನ್ ನಿಲೇಕಣಿಯವರು ಜಿಎಸ್‌ಟಿ ಪರಿಷತ್ತಿನ ಮುಂದೆ ಬಂದು ಪೋರ್ಟಲ್‌ನ ಸಮಸ್ಯೆಗಳ ಬಗ್ಗೆ ವಿವರಣೆ ನೀಡಿದರು. ಏಕಕಾಲಕ್ಕೆ ಒಂದೂವರೆ ಲಕ್ಷ ಬಳಕೆದಾರರನ್ನು ತಾಳುತ್ತಿದ್ದ ಸಾಮರ್ಥ್ಯವನ್ನು ಮೂರು ಲಕ್ಷಕ್ಕೆ ಏರಿಸುವ ಮಾತು ಆಗ ಬಂದಿತು. ಆದರೆ ಟ್ರಾನ್-1 ಪ್ರಕರಣ ಕಲಿಸಿದ್ದು ಬೇರೆಯೇ ಪಾಠ. 2017ರ ಡಿಸೆಂಬರ್‌ನೊಳಗೆ ಹಳೆಯ ತೆರಿಗೆಯ ಜಮೆಯನ್ನು ವರ್ಗಾಯಿಸಿಕೊಳ್ಳಲಾಗದೆ ಹೋದವರಲ್ಲಿ ಅನೇಕರ ಅರ್ಜಿಗಳು, ಪೋರ್ಟಲ್‌ನ ದಾಖಲೆಯಲ್ಲಿ ಅವರು ಪ್ರಯತ್ನಿಸಿದ ಗುರುತಿಲ್ಲವೆಂಬ ಕಾರಣಕ್ಕೆ ತಿರಸ್ಕೃತವಾದವು. ಸರ್ವೋಚ್ಚ ನ್ಯಾಯಾಲಯವು 2022ರ ಜುಲೈ 22ರಂದು ಆದೇಶಿಸಿದ ಬಳಿಕ, ಅದೇ ವರ್ಷದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಎಲ್ಲರಿಗೂ ಮತ್ತೊಮ್ಮೆ ಅವಕಾಶ ದೊರೆಯಿತು. ಐದು ವರ್ಷ ಬಂಡವಾಳ ಸಿಕ್ಕಿಹಾಕಿಕೊಂಡ ಸಣ್ಣ ವರ್ತಕನ ಪಾಡನ್ನು ಊಹಿಸಬಹುದು. ಗಣಕಯಂತ್ರವು ಪೋರ್ಟಲ್‌ನ್ನು ತಲುಪಲೇ ಇಲ್ಲವಾದರೆ ಅಲ್ಲಿ ಗುರುತು ಉಳಿಯುವುದಾದರೂ ಹೇಗೆ? ಸಾಕ್ಷ್ಯವೇನಿದ್ದರೂ ಅಂಗಡಿಯವನ ಬಳಿಯೇ ಇರಬೇಕು.

ದೋಷದ ನೆಲೆ ಕಂಡುಹಿಡಿಯುವುದು ತಿಳಿದವರು ಹೆದರಿಸುವಷ್ಟು ಕಷ್ಟವಲ್ಲ. ಮೊದಲು ಅದೇ ಗಣಕಯಂತ್ರವನ್ನು ಮೊಬೈಲ್ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಬೇಕು. ಆಗ ಕೆಲಸ ನಡೆದರೆ ದೋಷ ಕಚೇರಿಯ ಲೈನು ಅಥವಾ ರೌಟರಿನದು. ಆಗಲೂ ನಡೆಯದಿದ್ದರೆ, ಅದೇ ಲೈನಿನಲ್ಲಿ ಮತ್ತೊಂದು ಯಂತ್ರದಿಂದ ಪ್ರಯತ್ನಿಸಬೇಕು. ಅಲ್ಲಿ ತೆರೆದುಕೊಂಡರೆ ಪೋರ್ಟಲ್ ನಿರಪರಾಧಿ. ಹತ್ತು ನಿಮಿಷಗಳ ಈ ಎರಡು ಪರೀಕ್ಷೆಗಳಿಂದಲೇ ಯಾರನ್ನು ಕರೆಯಬೇಕೆಂಬುದು ಬಹುಪಾಲು ತಿಳಿದುಹೋಗುತ್ತದೆ.

ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇನ್ನೊಂದು ಸನ್ನಿವೇಶ. ಬ್ರೌಸರ್‌ನಲ್ಲಿ ಎಲ್ಲ ತಾಣಗಳೂ ತೆರೆಯುತ್ತವೆ, ಲೆಕ್ಕಪತ್ರ ತಂತ್ರಾಂಶ ಮಾತ್ರ ಸಂಪರ್ಕವಿಲ್ಲವೆನ್ನುತ್ತದೆ. ‘ಇಂಟರ್‌ನೆಟ್ ಇದೆಯಲ್ಲ!’ ಎಂದು ಮಾಲೀಕರು ಗದರುವುದು ಇಲ್ಲಿಯೇ. ಕಾರಣ ಸರಳ. ಕ್ರೋಮ್‌ನಂತಹ ಬ್ರೌಸರ್ ಸುರಕ್ಷಿತ ಸಂವಹನಕ್ಕೆ ಬೇಕಾದ ಸಾಮಗ್ರಿಯನ್ನು ತನ್ನೊಳಗೇ ಹೊತ್ತು ತರುತ್ತದೆ; ಬೇರೆ ಅನೇಕ ತಂತ್ರಾಂಶಗಳು ವಿಂಡೋಸ್ ಒದಗಿಸಿದ್ದನ್ನೇ ನೆಚ್ಚಿಕೊಂಡಿರುತ್ತವೆ. ವಿಂಡೋಸ್ 7ರಲ್ಲಿ ಟಿಎಲ್‌ಎಸ್ 1.2 ಎಂಬ ಸಂವಹನ ಕ್ರಮ ಇದ್ದರೂ ಇಂತಹ ತಂತ್ರಾಂಶಗಳಿಗೆ ಅದು ತಾನಾಗಿ ಚಾಲನೆಗೊಂಡಿರುವುದಿಲ್ಲ, ಹಳೆಯ 1.0 ಮತ್ತು 1.1 ಕ್ರಮಗಳನ್ನು 2021ರ ಮಾರ್ಚ್‌ನಲ್ಲಿ ಅಂತರಜಾಲದ ಮಾನಕ ಸಂಸ್ಥೆಯೇ ಕೈಬಿಟ್ಟಿದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ತಯಾರಕರ ಸಾಮಾನ್ಯ ಬೆಂಬಲ ನಿಂತಿದೆ. ಲಕ್ಷಾಂತರ ರೂಪಾಯಿಗಳ ಯಂತ್ರ ಕೊಳ್ಳಲು ಹಿಂಜರಿಯದ ಕಾರ್ಖಾನೆಗಳಲ್ಲಿಯೂ ಬಿಲ್ ಬರೆಯುವ ಗಣಕಯಂತ್ರ ಮಾತ್ರ ಹದಿನೈದು ವರ್ಷ ಹಳೆಯದಾಗಿರುವುದನ್ನು ಮಿತವ್ಯಯವೆನ್ನಲಾಗದು.

ಮತ್ತೊಂದು ಕಾರಣ ಗಡಿಯಾರ. ಗಣಕಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತರೆ ತಾರೀಖು ಹಿಂದಕ್ಕೆ ಜಾರುತ್ತದೆ; ಆಗ ಪೋರ್ಟಲ್‌ನ ಭದ್ರತಾ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಯಂತ್ರ ಭಾವಿಸಿ ಸಂಪರ್ಕ ನಿರಾಕರಿಸುತ್ತದೆ. ಅಲ್ಪ ಬೆಲೆಯ ಆ ಬ್ಯಾಟರಿಗಾಗಿ ಇಡೀ ತಂತ್ರಾಂಶವನ್ನು ಅಳಿಸಿ ಮರುಸ್ಥಾಪಿಸುವವರಿದ್ದಾರೆ.

ಇನ್ನು ಡಿಜಿಟಲ್ ಸಹಿ. ಕಂಪನಿಗಳು ಮತ್ತು ಎಲ್‌ಎಲ್‌ಪಿಗಳು ವಿವರಪಟ್ಟಿಗೆ ಸಹಿ ಮಾಡುವಾಗ ‘ಸರ್ವರ್ ಜೊತೆ ಸಂಪರ್ಕ ವಿಫಲ, ಎಂ-ಸೈನರ್ ಮರುಚಾಲನೆ ಮಾಡಿ’ ಎಂಬ ಅರ್ಥದ ಸಂದೇಶ ಬರುವುದುಂಟು. ಇಲ್ಲಿ ಸರ್ವರ್ ಎಂದರೆ ದೂರದ ಸರ್ಕಾರಿ ಯಂತ್ರವಲ್ಲ, ಮೇಜಿನ ಮೇಲಿರುವ ಗಣಕಯಂತ್ರವೇ! ಸಹಿ ಮಾಡಿಸುವ ಚಿಕ್ಕ ತಂತ್ರಾಂಶ ಅದೇ ಯಂತ್ರದಲ್ಲಿ 1585ನೆಯ ದ್ವಾರದಲ್ಲಿ ಕಾದು ಕುಳಿತಿರುತ್ತದೆ, 127.0.0.1 ಎಂಬ ವಿಳಾಸ ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಅದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಮತ್ತೆ ಆರಂಭಿಸಿ, ಬ್ರೌಸರ್‌ನಲ್ಲಿ ಆ ವಿಳಾಸಕ್ಕೆ ಒಪ್ಪಿಗೆ ನೀಡಿದರೆ ಬಹಳಷ್ಟು ಸಲ ಕೆಲಸ ಮುಗಿಯುತ್ತದೆ. ಅಂತರಜಾಲದವರನ್ನು ದೂರಿ ಫಲವಿಲ್ಲ.

ಇವೆಲ್ಲವನ್ನೂ ಬಿಟ್ಟು ಆಂಟಿವೈರಸ್ ಮತ್ತು ಫೈರ್‌ವಾಲ್ ಎರಡನ್ನೂ ಆರಿಸಿಬಿಡುವ ಚಿಕಿತ್ಸೆ ಅತ್ಯಂತ ಜನಪ್ರಿಯವಾಗಿರುವುದು ವಿಷಾದನೀಯ. ಬೀಗ ತೆರೆಯಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಅದು. ಬೇಕಾದ ತಂತ್ರಾಂಶವೊಂದಕ್ಕೆ ಮಾತ್ರ ವಿನಾಯಿತಿ ನೀಡಲು ಅವಕಾಶವಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹಾವಳಿಯಿಟ್ಟಾಗ, ಅದಕ್ಕೆ ಎರಡು ತಿಂಗಳ ಮೊದಲೇ ಬಿಡುಗಡೆಯಾಗಿದ್ದ ತಿದ್ದುಪಡಿಯನ್ನು ಅಳವಡಿಸದ ಯಂತ್ರಗಳೇ ಅದರ ಬಲಿಯಾದವು. ದೂರದಿಂದ ದುರಸ್ತಿ ಮಾಡಲು ಬಂದವರಿಗೆ ಕೊಟ್ಟ ಪ್ರವೇಶವನ್ನು ಹಾಗೆಯೇ ಬಿಟ್ಟು, ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದೂ ಇಂಥದೇ ಅಪಾಯ.

ತಂತ್ರಾಂಶ ಮಾರುವವರ ಹೊಣೆಯೂ ಕಡಿಮೆಯಿಲ್ಲ. ವಿಳಾಸ ಸಿಗಲಿಲ್ಲವೋ, ಪ್ರಮಾಣಪತ್ರ ತಿರಸ್ಕೃತವಾಯಿತೋ, ಪೋರ್ಟಲ್‌ನಲ್ಲಿ ಬದಲಾಯಿಸಿದ ಗುಪ್ತಪದವನ್ನು ಇಲ್ಲಿ ಬದಲಾಯಿಸಿಲ್ಲವೋ ಎಂಬುದು ತಂತ್ರಾಂಶಕ್ಕೆ ಒಳಗೆ ಬಹುಮಟ್ಟಿಗೆ ತಿಳಿದೇ ಇರುತ್ತದೆ. ಅದನ್ನು ಮುಚ್ಚಿಟ್ಟು ‘ಸಂಪರ್ಕವಿಲ್ಲ’ ಎಂಬ ಒಂದೇ ಸಾಲಿನಲ್ಲಿ ಕೈ ತೊಳೆದುಕೊಳ್ಳುವುದು ವಾರ್ಷಿಕ ನಿರ್ವಹಣಾ ಶುಲ್ಕ ಪಡೆಯುವವರಿಗೆ ಶೋಭಿಸದು. ಯಾವ ಹಂತದಲ್ಲಿ ತಡೆಯಾಯಿತೆಂದು ಕನ್ನಡದಲ್ಲಿ ತಿಳಿಸಬೇಕೆಂಬ ಷರತ್ತನ್ನು ಒಪ್ಪಂದದ ನವೀಕರಣದ ವೇಳೆ ಬಿಡಿ ವರ್ತಕರು ಹಾಕಿದರೆ ಯಾರೂ ಕಿವಿಗೊಡಲಾರರು. ವಾಣಿಜ್ಯ ಸಂಘಗಳು ಒಟ್ಟಾಗಿ ಕೇಳಿದರೆ ಮಾತು ಬೇರೆ.

ಅಲ್ಲಿಯವರೆಗೆ ಪ್ರತಿ ಸಂಸ್ಥೆಯಲ್ಲಿ ಒಂದು ಪುಸ್ತಕವಿರಲಿ. ಸಂಪರ್ಕ ತಪ್ಪಿದ ವೇಳೆ, ತೆರೆಯ ಛಾಯಾಚಿತ್ರ, ಹಾಟ್‌ಸ್ಪಾಟ್ ಪರೀಕ್ಷೆಯ ಫಲ, ಜಿಎಸ್‌ಟಿ ಸಹಾಯ ಪೋರ್ಟಲ್‌ನಲ್ಲಿ ದಾಖಲಿಸಿದ ದೂರಿನ ಸಂಖ್ಯೆ ಅದರಲ್ಲಿ ಆ ದಿನವೇ ದಾಖಲಾಗಬೇಕು. ಮುಖ್ಯ ಇ-ವೇ ಬಿಲ್ ಪೋರ್ಟಲ್ ನಿಂತರೆ 2025ರ ಜುಲೈ 1ರಿಂದ ಎರಡನೆಯ ಪೋರ್ಟಲ್ ಲಭ್ಯವಿದೆಯೆಂಬುದನ್ನೂ ಗುಮಾಸ್ತರಿಗೆ ತಿಳಿಸಿರಬೇಕು. ವಿವರಪಟ್ಟಿ ಸಲ್ಲಿಸಲಾಗದಿದ್ದರೂ ತೆರಿಗೆಯ ಹಣವನ್ನು ಕಟ್ಟಲು ಲಾಗಿನ್ ಕೂಡ ಬೇಕಿಲ್ಲ. ಜಿಎಸ್‌ಟಿ ಸಂಖ್ಯೆ ನಮೂದಿಸಿ ಯಾವುದೇ ಯಂತ್ರದಿಂದ ಚಲನ್ ತಯಾರಿಸಬಹುದು. 2024ರ ಜುಲೈನಲ್ಲಿ ತಿದ್ದುಪಡಿಯಾದ ನಿಯಮ 88ಬಿ ಪ್ರಕಾರ, ನಿಗದಿತ ದಿನದೊಳಗೆ ನಗದು ಲೆಡ್ಜರ್‌ಗೆ ಜಮೆಯಾಗಿ ವಿವರಪಟ್ಟಿ ಸಲ್ಲಿಸುವವರೆಗೂ ಅಲ್ಲಿಯೇ ಉಳಿದಿರುವ ಮೊತ್ತಕ್ಕೆ ಶೇ. 18ರ ಬಡ್ಡಿ ತಗಲುವುದಿಲ್ಲ. ವಿಳಂಬ ಶುಲ್ಕ ಮಾತ್ರ ತಪ್ಪದು.