ಮದುವಣಗಿತ್ತಿಯ ಅಂಗಡಿಯೂ ಒಂದು ಸೆಟ್ಟೇ!

ನಾಯಕಿಯ ಎಂಟ್ರಿ ಸೀನು ಯಾರಿಗೆ ತಾನೇ ಮರೆತೀತು? ಮೊದಲು ಗೆಜ್ಜೆ ಸದ್ದು. ಆಮೇಲೆ ಪಾದ. ಆಮೇಲೆ ಸೀರೆಯ ನೆರಿಗೆ. ಕಟ್ಟಕಡೆಗೆ ಮುಖ! ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಆ ಶಿಳ್ಳೆಯಲ್ಲಿ ಅರ್ಧ ಪಾಲು ನಾಯಕಿಯದು. ಉಳಿದರ್ಧ ತೆರೆಯ ಹಿಂದಿನ ಇಬ್ಬರದು. ಸೆಟ್ಟು ಹಾಕಿದ ಕಲಾ ನಿರ್ದೇಶಕ ಒಬ್ಬ, ಬೆಳಕು ಕೊಟ್ಟ ಛಾಯಾಗ್ರಾಹಕ ಇನ್ನೊಬ್ಬ.

ಈ ವಾರ ಸ್ಟುಡಿಯೋ ಗೇಟು ದಾಟಿ ಸ್ವಲ್ಪ ಆಚೆ ಹೋಗೋಣ. ಎಲ್ಲಿಗೆ ಅಂತೀರಾ? ಮದುವಣಗಿತ್ತಿಯರ ಉಡುಪಿನ ದುಬಾರಿ ಅಂಗಡಿಗೆ. ದೊಡ್ಡವರ ಭಾಷೆಯಲ್ಲಿ ‘ಬ್ರೈಡಲ್ ಬೊಟೀಕ್’. “ಅಲ್ಲಿ ನಮಗೇನು ಕೆಲಸ ಗುರೂ?” ಅಂತ ಮೂಗು ಮುರೀಬೇಡಿ. ಮನೆಯಲ್ಲಿ ಅಕ್ಕ ಇದ್ದಾಳೆ, ತಂಗಿ ಇದ್ದಾಳೆ, ನಾಳೆ ನಿಮ್ಮ ಮದುವೆಯೂ ಇದೆ. ಅಂಥ ಅಂಗಡಿಯ ಒಳಾಂಗಣ ಕಟ್ಟುವುದಕ್ಕೂ ಸಿನಿಮಾ ಸೆಟ್ಟು ಕಟ್ಟುವುದಕ್ಕೂ ಹೆಚ್ಚು ದೂರವಿಲ್ಲ. ಅಲ್ಲಿ ನಾಯಕಿ ನಿಮ್ಮ ತಂಗಿ. ನಿರ್ಮಾಪಕರು ನಿಮ್ಮಪ್ಪ. ನಿರ್ದೇಶಕ ಮಾತ್ರ ಅಂಗಡಿಯವನು! ಅವನ ಟ್ರಿಕ್ಕು ನಮಗೂ ಗೊತ್ತಿರಬೇಕೋ ಬೇಡವೋ?

ಒಂದು ನಿಜವಾದ ಉದಾಹರಣೆ ತಗೊಳ್ಳಿ. ಸಬ್ಯಸಾಚಿ ಮುಖರ್ಜಿ ಅಂತ ಕಲ್ಕತ್ತಾದ ಉಡುಪು ವಿನ್ಯಾಸಕಾರ. ಸಂಜಯ್ ಲೀಲಾ ಬನ್ಸಾಲಿಯವರ 2005ರ ‘ಬ್ಲ್ಯಾಕ್’ ಚಿತ್ರದ ಉಡುಪುಗಳಿಗೆ ರಾಷ್ಟ್ರಪ್ರಶಸ್ತಿ ಪಡೆದವರು. 2012ರಲ್ಲಿ ವಿದ್ಯಾ ಬಾಲನ್, 2017ರಲ್ಲಿ ಅನುಷ್ಕಾ ಶರ್ಮ, 2018ರಲ್ಲಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ, ಎಲ್ಲರ ಮದುವೆಯ ಉಡುಪಿನಲ್ಲೂ ಈತನ ಕೈವಾಡ. ಇವರು 2023ರಲ್ಲಿ ಮುಂಬಯಿಯ ಕೋಟೆ ಪ್ರದೇಶದ ಹಾರ್ನಿಮನ್ ಸರ್ಕಲ್ಲಿನಲ್ಲಿ, ಬ್ರಿಟಿಷರ ಕಾಲದ ಹಳೇ ಕಟ್ಟಡವೊಂದರಲ್ಲಿ ಅಂಗಡಿ ತೆರೆದರು. ಅಂಗಡಿ ಅಂದರೆ ಎಷ್ಟು ದೊಡ್ಡದು? 25 ಸಾವಿರ ಚದರಡಿಗೂ ಮಿಗಿಲು! ಒಳಗೆ 100 ತೂಗುದೀಪಗಳು, 275 ರತ್ನಗಂಬಳಿಗಳು, 3,000 ಪುಸ್ತಕಗಳು, 150 ಕಲಾಕೃತಿಗಳು. ಲೆಹೆಂಗಾ ಕೊಳ್ಳೋಕೆ ಹೋದವರಿಗೆ 3,000 ಪುಸ್ತಕ ಯಾತಕ್ಕೆ ಸ್ವಾಮೀ?

ಓದೋಕಲ್ಲ. ನೋಡೋಕೆ! ಜಮೀನ್ದಾರರ ಬಂಗಲೆ ತೋರಿಸಬೇಕಾದರೆ ಕಲಾ ನಿರ್ದೇಶಕ ಏನು ಮಾಡ್ತಾನೆ? ಗೋಡೆಗೆ ಅಜ್ಜನ ಪಟ, ಮೂಲೆಗೆ ಹಳೇ ಗಡಿಯಾರ, ಬೀರುವಿನ ತುಂಬ ಪುಸ್ತಕ. ಡೈಲಾಗು ಶುರುವಾಗೋ ಮುಂಚೆಯೇ ‘ಇದು ತಲೆಮಾರುಗಳ ಮನೆತನ’ ಅಂತ ನಮಗೆ ನಂಬಿಕೆ ಬಂದುಬಿಡುತ್ತೆ. ಇಲ್ಲೂ ಅದೇ. ಹೊಸ ಬಟ್ಟೆಯನ್ನು ಹಳೇ ಅರಮನೆಯಂಥ ಜಾಗದಲ್ಲಿಟ್ಟರೆ ಅದು ನಿನ್ನೆ ಹೊಲಿದದ್ದು ಅನ್ನಿಸೋದಿಲ್ಲ, ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದು ಅನ್ನಿಸುತ್ತೆ. ಆಮೇಲೆ ಬೆಲೆ ಹೇಳಿದರೆ ಎದೆ ಅಷ್ಟೇನೂ ಧಸಕ್ ಅನ್ನೋದಿಲ್ಲ. ಬರೀ ಟ್ಯೂಬ್‌ಲೈಟಿನ ಕೆಳಗೆ, ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಅದೇ ಬೆಲೆ ಕೇಳಿ ನೋಡಿ, ಎದ್ದು ಬಂದುಬಿಡ್ತೀರಿ!

ಇನ್ನೊಂದು ಟ್ರಿಕ್ಕು, ಖಾಲಿ ಜಾಗ. ನಮ್ಮ ಚಿಕ್ಕಪೇಟೆಯ ಹಳೇ ರೇಷ್ಮೆ ಅಂಗಡಿ ನೆನಪಿಸಿಕೊಳ್ಳಿ. ನೆಲಕ್ಕೆ ಬಿಳೀ ಹಾಸು, ಗೋಡೆ ತುಂಬ ಸೂರಿನವರೆಗೆ ಸೀರೆ. ಒಂದು ಕೇಳಿದರೆ ಐವತ್ತು ಬಿಚ್ಚಿ ಹರವುತ್ತಾರೆ. ಅದು ಸಂತೆಯ ಸಂಭ್ರಮ. ಬೊಟೀಕಿನಲ್ಲಿ ದೊಡ್ಡ ಹಜಾರಕ್ಕೆ ನಾಲ್ಕೇ ಉಡುಪು. ಸುತ್ತ ಜಾಗ ಬಿಟ್ಟಷ್ಟೂ ವಸ್ತು ಅಪರೂಪದ್ದು ಅನ್ನಿಸುತ್ತೆ. ನಾಯಕಿಯನ್ನು ಗುಂಪಿನ ನಡುವೆ ನಿಲ್ಲಿಸುವುದಕ್ಕೂ ಒಬ್ಬಳನ್ನೇ ಮೆಟ್ಟಿಲ ಮೇಲೆ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ಅದು.

ಈಗ ಮುಖ್ಯ ಸೀನಿಗೆ ಬನ್ನಿ, ಕನ್ನಡಿ! ಅಂಗಡಿಯ ನಡುವೆ ಒಂದು ಮೋಟು ವೇದಿಕೆ. ಎದುರಿಗೆ ಮೂರು ಮಡಿಕೆಯ ಕನ್ನಡಿ. ಹುಡುಗಿ ವೇದಿಕೆ ಹತ್ತಿದರೆ ಮುಂದೆ, ಎಡ, ಬಲ, ಹಿಂದೆ ಎಲ್ಲಾ ಕಾಣಬೇಕು. ವೇದಿಕೆ ಯಾಕೆ? ಲೆಹೆಂಗಾದ ಅಂಚು ನೆಲಕ್ಕೆ ತಾಗದೆ ಇಳಿಬೀಳಲಿ, ಟೈಲರಣ್ಣನಿಗೆ ಬಗ್ಗಿ ಪಿನ್ನು ಹಾಕೋಕೆ ಸಲೀಸಾಗಲಿ ಅಂತ. ಹಿಂಭಾಗ ಯಾಕೆ? ಪಶ್ಚಿಮದ ಚರ್ಚು ಮದುವೆಯಲ್ಲಿ ಜನ ನೋಡೋದು ಹೆಚ್ಚಾಗಿ ವಧುವಿನ ಬೆನ್ನನ್ನೇ. ನಮ್ಮಲ್ಲಿ ಧಾರೆಯ ಹೊತ್ತಿಗೆ ಜನ ಮಂಟಪದ ಸುತ್ತ ಮುತ್ತಿಕೊಂಡು ಎಲ್ಲಾ ಕಡೆಯಿಂದಲೂ ನೋಡ್ತಾರೆ!

ಕನ್ನಡಿ ಬಲು ಕಿತಾಪತಿಯ ವಸ್ತು. ಕೆ. ಆಸಿಫರ ‘ಮುಘಲ್-ಎ-ಆಜಂ’ (1960) ನೆನಪಿದೆಯಾ? ಆ ಶೀಶ್ ಮಹಲ್ ಸೆಟ್ಟು! ಕಲಾ ನಿರ್ದೇಶಕ ಎಂ.ಕೆ. ಸೈಯದ್ ಗೋಡೆ, ಸೂರು ಎಲ್ಲಾ ಕನ್ನಡಿ ಚೂರು ತುಂಬಿಸಿದರು. ಲೈಟು ಹಾಕಿದರೆ ಚೂರು ಚೂರಿನಲ್ಲೂ ಪ್ರತಿಫಲನ, ಕ್ಯಾಮರಾ ಕಣ್ಣೇ ಕುರುಡು. ಛಾಯಾಗ್ರಾಹಕ ಆರ್.ಡಿ. ಮಾಥುರ್ ದೀಪವನ್ನು ನೇರವಾಗಿ ಬಿಡದೆ ಬೆಳಕನ್ನು ಮೆದುವಾಗಿಸಿ ಗೆದ್ದರು. ಅಂಗಡಿ ಕಟ್ಟುವವನಿಗೂ ಅದೇ ಪಾಠ. ದೀಪ ಕನ್ನಡಿಯಲ್ಲಿ ಕಣ್ಣಿಗೆ ರಾಚಬಾರದು. ಬೆಳಕು ನೆತ್ತಿಯ ಮೇಲಿಂದ ಮಾತ್ರ ಬಿದ್ದರೆ ಕಣ್ಣಿನ ಕೆಳಗೆ, ಗಲ್ಲದ ಕೆಳಗೆ ಕಪ್ಪು ನೆರಳು. ಲಕ್ಷಣವಾದ ಹುಡುಗಿಯೂ ದೆವ್ವದ ಪಿಕ್ಚರಿನ ಹೆಂಗಸಿನಂತೆ ಕಾಣ್ತಾಳೆ. ಮುಖದ ಎತ್ತರಕ್ಕೆ, ಎರಡೂ ಪಕ್ಕದಿಂದ ಮೆದು ಬೆಳಕು ಬರಬೇಕು. ಗೋಡೆಯ ಬಣ್ಣವೂ ಅಷ್ಟೇ. ಗುಲಾಬಿ ಗೋಡೆ ಗುಲಾಬಿ ಬೆಳಕನ್ನೇ ಮುಖಕ್ಕೆ ಎರಚುತ್ತೆ. ಶೂಟಿಂಗಿನಲ್ಲಿ ಹುಡುಗರು ಬಿಳೀ ಥರ್ಮೋಕೋಲು ಹಿಡೀತಾರಲ್ಲ, ಅದೇ ಕೆಲಸವನ್ನು ಗೋಡೆ ಮಾಡುತ್ತೆ.

ಬೆಳಕಿನ ಮಾತು ಬಂದರೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರಿಗೆ ಕೈ ಮುಗಿಯದೆ ಮುಂದೆ ಹೋಗೋ ಹಾಗಿಲ್ಲ. ಗುರುದತ್ತರ ‘ಕಾಗಜ್ ಕೇ ಫೂಲ್’ (1959) ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಯುವ ಆ ಬೆಳಕಿನ ಕೋಲು ಲೈಟಿನದ್ದಲ್ಲ, ಬಿಸಿಲಿನದ್ದು! ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿದರು. 1993ರಲ್ಲಿ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮರಾ ಹಿಡಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರಲ್ಲಿ ತೀರಿಕೊಂಡರು.

ಆ ಬಿಸಿಲೇ ಈ ಅಂಕಣದ ಕ್ಲೈಮ್ಯಾಕ್ಸು. ಕೇಳಿ.

ಸಿನಿಮಾ ಸೆಟ್ಟು ಸುಳ್ಳು ಹೇಳಬಹುದು. ಪ್ಲೈವುಡ್ಡಿನ ಕಂಬ, ಪ್ಲಾಸ್ಟರಿನ ಸಿಂಹ, ಬಣ್ಣ ಬಳಿದ ಆಕಾಶ ಎಲ್ಲಾ ನಡೆಯುತ್ತೆ. ಯಾಕಂದರೆ ನಾವು ಟಿಕೆಟ್ಟು ಕೊಂಡಿರೋದೇ ಆ ಸುಳ್ಳಿಗೆ. ಆದರೆ ಅಂಗಡಿಯ ಬೆಳಕು ಸುಳ್ಳು ಹೇಳಿದರೆ? ಹುಡುಗಿ ಮನೆಗೆ ಒಯ್ಯೋದು ಸೀರೆಯನ್ನು ಮಾತ್ರ. ತೂಗುದೀಪ ಅಲ್ಲೇ ಉಳೀತದೆ!

ಹಳದಿ ಬೆಳಕಿನಲ್ಲಿ, ಅಂದರೆ 2,700ರಿಂದ 3,000 ಕೆಲ್ವಿನ್ ಲೆಕ್ಕದ ದೀಪದಲ್ಲಿ ಜರಿ ಧಗಧಗ ಹೊಳೆಯುತ್ತೆ, ಕೆಂಪು ಮೆರೆಯುತ್ತೆ. ನೀಲಿ, ನೇರಳೆ ಸೊರಗುತ್ತೆ. ನಡುಮಧ್ಯಾಹ್ನದ ಬೆಳಕು ಸುಮಾರು 5,500 ಕೆಲ್ವಿನ್. ಅಲ್ಲಿ ಅದೇ ಸೀರೆ ಬೇರೆ ಮುಖ ತೋರಿಸುತ್ತೆ. ರವಿಕೆ, ಸೀರೆ ಎರಡೂ ಒಂದು ದೀಪದ ಕೆಳಗೆ ತಕ್ಕಂತೆ ಹೊಂದಿ, ಇನ್ನೊಂದು ದೀಪದ ಕೆಳಗೆ ಎಣ್ಣೆ ಸೀಗೇಕಾಯಿ ಆಗೋದೂ ಉಂಟು. ಬೇರೆ ಬೇರೆ ಬಣ್ಣದ ಪುಡಿಯಲ್ಲಿ ಅದ್ದಿದ ಎರಡು ನೂಲಿಗೆ ಹೀಗಾಗುತ್ತೆ. ಇದಕ್ಕೇ ಸಿ.ಆರ್.ಐ. ಅಂತ ಒಂದು ಅಳತೆ. ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ 100ರ ಮೇಲೆ ಮಾರ್ಕು. ಬಟ್ಟೆ ಅಂಗಡಿಗೆ 90ರ ಮೇಲಿರಬೇಕು. ಒಳ್ಳೇ ವಿನ್ಯಾಸಕಾರ ಕನ್ನಡಿ ಪಕ್ಕ ಒಂದು ಕಿಟಕಿ ಬಿಡ್ತಾನೆ. ಇಲ್ಲವೇ ಹಗಲು, ಸಂಜೆ ಅಂತ ಎರಡು ಥರದ ದೀಪಕ್ಕೆ ಎರಡು ಸ್ವಿಚ್ಚು ಇಡ್ತಾನೆ. ಕೋಟಿ ಸುರಿದು ಕಟ್ಟಿದ ಅಂಗಡಿ ಪ್ರಾಮಾಣಿಕವೋ ಅಲ್ಲವೋ ತಿಳಿಯೋಕೆ ಆ ಸ್ವಿಚ್ಚು ಸಾಕು.

ಇದನ್ನೆಲ್ಲಾ ಓದದೇ ತಿಳಿದವರು ನಮ್ಮ ಹಳೇ ಸೀರೆ ಅಂಗಡಿಯವರು. “ಬನ್ನಿ ತಾಯಿ, ಬೆಳಕಿಗೆ ಬನ್ನಿ” ಅಂತ ಸೀರೆ ಎತ್ತಿಕೊಂಡು ಬಾಗಿಲಿಗೆ ಬಂದು, ಸೆರಗನ್ನು ಬಿಸಿಲಿಗೆ ಹಿಡಿದು ತೋರಿಸ್ತಾರೆ. ಮೂರ್ತಿಯವರು ಬಿಸಿಲನ್ನು ಒಳಗೆ ತಂದರು, ಇವರು ಸೀರೆಯನ್ನು ಹೊರಗೆ ತಂದರು. ದೀಪಿಕಾ ವಿಷಯದಲ್ಲೂ ಒಂದು ಸ್ವಾರಸ್ಯ ಇದೆ. 2018ರ ನವೆಂಬರಿನಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ನಡೆದ ಕೊಂಕಣಿ ಮದುವೆಯಲ್ಲಿ ಆಕೆ ಉಟ್ಟದ್ದು ತಾಯಿ ಕೊಟ್ಟ ಸೀರೆ. ಅದು ಬೆಂಗಳೂರಿನ ಅಂಗಡಿ ಗ್ಯಾಲೇರಿಯಾದಿಂದ ಬಂದದ್ದು ಅಂತ ಆಮೇಲೆ ಸಬ್ಯಸಾಚಿಯವರೇ ತಿಳಿಸಿದರು. ನೂರು ತೂಗುದೀಪದ ಒಡೆಯರ ಮದುಮಗಳಿಗೂ ಧಾರೆಗೆ ತವರಿನ ಸೀರೆಯೇ ಆಯಿತು!

ಕೊನೆಗೊಂದು ಮಾತು, ಇದು ತಮಾಷೆಯಲ್ಲ. ಬೊಟೀಕಿನಲ್ಲಿ ಗಂಡಸರಿಗೆ ಮೆತ್ತನೆ ಸೋಫಾ, ಕಾಫಿ, ಎದುರಿಗೇ ವೇದಿಕೆ, ಥೇಟ್ ಬಾಲ್ಕನಿ ಸೀಟು. ಅಲ್ಲಿ ಕೂತು ಫೋನು ಒತ್ತುತ್ತಾ ‘ಚೆನ್ನಾಗಿದೆ, ಚೆನ್ನಾಗಿದೆ’ ಅಂತ ತಲೆಯಾಡಿಸಬೇಡಿ. ನಮ್ಮ ಪಿಕ್ಚರುಗಳಲ್ಲಿ ಅಣ್ಣ ಅಂದರೆ ತಂಗಿಗಾಗಿ ಹತ್ತು ಜನರನ್ನು ಹೊಡೆದು ಉರುಳಿಸ್ತಾನೆ. ನಿಜ ಜೀವನದ ಅಣ್ಣನಿಗೆ ಕೆಲಸ ಸುಲಭ. ನಾಲ್ಕೇ ನಾಲ್ಕು.

ಒಂದು, ಕನ್ನಡಿ ಗೋಡೆಗೆ ನೆಟ್ಟಗಿದೆಯೋ ಓರೆಯಾಗಿ ಒರಗಿದೆಯೋ ನೋಡಿ. ಓರೆ ಕನ್ನಡಿ ಮೈಕಟ್ಟನ್ನೇ ಬದಲಿಸಿ ತೋರಿಸುತ್ತೆ. ಎರಡು, ಟ್ರಯಲ್ ರೂಮಿಗೆ ಪರದೆ ಸಾಲದು. ಗಟ್ಟಿ ಬಾಗಿಲು, ಒಳಗಿನಿಂದ ಚಿಲಕ ಇರಬೇಕು. ಉಡಿಸೋಕೆ ಅಮ್ಮನೂ ಒಳಗೆ ನಿಲ್ಲುವಷ್ಟು ಜಾಗ, ಕೂರೋಕೆ ಒಂದು ಸ್ಟೂಲು ಬೇಕು. ಅನುಮಾನ ಬರುವಂಥ ಕ್ಯಾಮರಾ, ತೂತು ಏನಾದರೂ ಕಂಡರೆ ಅಲ್ಲೇ ಕೇಳಿ, ನಾಚಿಕೆ ಬೇಡ. ಮೂರು, ಬೆಲೆಯನ್ನು ವೇದಿಕೆ ಹತ್ತುವ ಮುಂಚೆಯೇ ಕೇಳಿ. ಮೇಲೆ ನಿಂತು ಕಣ್ಣು ಅರಳಿಸಿದ ತಂಗಿಗೆ ‘ಬೇಡ, ಇಳಿ’ ಅನ್ನೋಕೆ ಯಾವ ಅಪ್ಪನಿಗೂ ಬಾಯಿ ಬರೋದಿಲ್ಲ. ಅದು ಅಂಗಡಿಯವನಿಗೂ ಗೊತ್ತು. ನಾಲ್ಕು, ಬಿಲ್ಲು ಹಾಕಿಸೋ ಮುಂಚೆ ಸೀರೆಯನ್ನು ಬಾಗಿಲಿಗೆ ತನ್ನಿ ಅಂತ ಹೇಳಿ. ಗಾಜಿನ ಬಾಗಿಲಾದರೂ ಸರಿ, ಹವಾನಿಯಂತ್ರಣ ಕೆಟ್ಟರೂ ಸರಿ. ಹೊರಗೆ ತರೋಕೆ ಬಿಡದ ಅಂಗಡಿಯಾದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತೆ.

ಸಾಲ ಮಾಡಿ ಮಗಳಿಗೆ ಸೀರೆ ಕೊಡಿಸೋ ಅಪ್ಪಂದಿರು ನಮ್ಮ ಊರುಗಳಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಸಾಲದ ದುಡ್ಡು ಸೀರೆಗೆ ಹೋಗಲಿ, ತೂಗುದೀಪಕ್ಕೆ ಬೇಡ.

ಏನಂತೀರಿ? ಮುಂದಿನ ವಾರ ಮತ್ತೆ ಸ್ಟುಡಿಯೋ ಗೇಟಿನ ಹತ್ತಿರವೇ ಸಿಗೋಣ. ಅಲ್ಲೀತನಕ ನಮಸ್ಕಾರ!