ಪ್ರತಿಭೆಗಿಂತ ಮೊದಲು ಗಡಿಯಾರ

ಅರವತ್ತರ ದಶಕದ ಇಂಗ್ಲೆಂಡ್. ಮನೆಯಲ್ಲಿ ಫೋನ್ ರಿಂಗಾದರೆ ಆ ತಾಯಿ ಮೊದಲು ಟೇಪ್ ರೆಕಾರ್ಡರ್ ಹಾಕುತ್ತಿದ್ದರು, ಆಮೇಲೆ ಫೋನ್ ಎತ್ತುತ್ತಿದ್ದರು. ಟೇಪಿನಲ್ಲಿದ್ದದ್ದು ಟೈಪ್‌ರೈಟರಿನ ಟಕಟಕ ಸದ್ದು. ಆ ಕಡೆಯ ಗಿರಾಕಿಗೆ ಆಫೀಸಿನ ಗಡಿಬಿಡಿ ಕೇಳಿಸಬೇಕು, ಕೂಸಿನ ಅಳು ಕೇಳಿಸಬಾರದು. ಆಕೆಯ ಹೆಸರು ಸ್ಟೆಫನಿ ಶರ್ಲಿ. ಪತ್ರಗಳಿಗೆ ಹಾಕುತ್ತಿದ್ದ ಸಹಿ ಮಾತ್ರ ‘ಸ್ಟೀವ್’. ಹೆಣ್ಣಿನ ಹೆಸರಿನಲ್ಲಿ ಹೋದ ಪತ್ರಗಳಿಗೆ ಉತ್ತರ ಬರುತ್ತಿರಲಿಲ್ಲ. ಗಂಡನ ಸಲಹೆಯಂತೆ ಸಹಿ ಬದಲಿಸಿದ ಮೇಲೆ ಉತ್ತರಗಳು ಬರತೊಡಗಿದವು.

ಸ್ಟಾರ್ಟಪ್‌ಗಳಲ್ಲಿ ಎಲ್ಲ ಬಗೆಯ ಜನರಿಗೂ ಜಾಗ ಇರಬೇಕೆಂಬ ಚರ್ಚೆ ಎದ್ದಾಗಲೆಲ್ಲ ನನಗೆ ಈ ಟೇಪ್ ನೆನಪಾಗುತ್ತದೆ. ಆ ಚರ್ಚೆಗೆ ಸಿಗುವ ಉತ್ತರ ಒಂದೇ: ‘ನಾವು ಪ್ರತಿಭೆ ನೋಡಿ ತಗೊಳ್ತೀವಿ, ಬೇರೇನೂ ನೋಡಲ್ಲ.’ ಹೀಗೆ ಹೇಳುವ ಬಹುಪಾಲು ಜನ ಪ್ರಾಮಾಣಿಕರೇ. ಆದರೆ ಪ್ರತಿಭೆಯನ್ನು ಅಳೆಯುವ ಹೊತ್ತಿಗೆ ಒಂದು ಜರಡಿ ಆಗಲೇ ತನ್ನ ಕೆಲಸ ಮುಗಿಸಿರುತ್ತದೆ. ಕೆಲಸ ಎಲ್ಲಿ ಮಾಡಬೇಕು, ಎಷ್ಟು ಹೊತ್ತಿಗೆ ಮಾಡಬೇಕು, ಅದಕ್ಕೆ ಎಂಥ ಮನೆ ಮತ್ತು ಎಂಥ ಮೈ ಬೇಕು ಎಂಬ ತೀರ್ಮಾನಗಳೇ ಆ ಜರಡಿ. ಅದರಲ್ಲಿ ಉಳಿದವರು ಮಾತ್ರ ಸಂದರ್ಶನದ ಕುರ್ಚಿಯವರೆಗೆ ಬರುತ್ತಾರೆ.

ಶರ್ಲಿ ಕೈಹಾಕಿದ್ದು ಆ ಜರಡಿಗೇ. ನಾಜಿಗಳಿಂದ ಯೆಹೂದಿ ಮಕ್ಕಳನ್ನು ಪಾರುಮಾಡಿದ ರೈಲುಗಳಲ್ಲೊಂದರಲ್ಲಿ, 1939ರಲ್ಲಿ, ಐದು ವರ್ಷದ ಮಗುವಾಗಿ ಅಕ್ಕನೊಂದಿಗೆ ಇಂಗ್ಲೆಂಡಿಗೆ ಬಂದವರು ಆಕೆ. 1962ರಲ್ಲಿ ಬರೀ 6 ಪೌಂಡ್ ಇಟ್ಟುಕೊಂಡು, ಊಟದ ಮೇಜನ್ನೇ ಆಫೀಸು ಮಾಡಿಕೊಂಡು ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಕಂಪನಿ ಶುರುಮಾಡಿದರು. ಕಂಪ್ಯೂಟರ್ ಕೊಂಡರೆ ಸಾಫ್ಟ್‌ವೇರ್ ಪುಕ್ಕಟೆ ಬರುತ್ತಿದ್ದ ಕಾಲ ಅದು. ಅದನ್ನು ದುಡ್ಡಿಗೆ ಮಾರುತ್ತೇನೆ ಅಂದಾಗ, ಅದೂ ಒಬ್ಬ ಹೆಂಗಸು ಹೇಳಿದಾಗ, ಜನ ನಕ್ಕರು. ಶರ್ಲಿ ಹುಡುಕಿಕೊಂಡು ಹೋದದ್ದು ಮದುವೆಯಾಯಿತು, ಮಗುವಾಯಿತು ಎಂದು ಕೆಲಸ ಬಿಟ್ಟು ಮನೆಯಲ್ಲಿದ್ದ ನುರಿತ ಹೆಂಗಸರನ್ನು. ಮೊದಲ 300 ಜನರಲ್ಲಿ 297 ಮಂದಿ ಹೆಂಗಸರೇ.

ಅವರು ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಎಲ್ಲರ ಮನೆಯಲ್ಲೂ ಫೋನ್ ಇರಲಿಲ್ಲ, ಹಾಗಾಗಿ ಕೆಲಸಕ್ಕೆ ಬಂದವರನ್ನು ಕೇಳುತ್ತಿದ್ದ ಮುಖ್ಯ ಪ್ರಶ್ನೆ ‘ನಿಮಗೆ ಫೋನ್ ಸೌಕರ್ಯ ಇದೆಯಾ?’ ಎಂಬುದು. ಮನೆಯಲ್ಲಿ ಕಂಪ್ಯೂಟರ್ ಇರುವ ಮಾತೇ ಇಲ್ಲ. ಪ್ರೋಗ್ರಾಮನ್ನು ಕಾಗದದ ಮೇಲೆ ಪೆನ್ಸಿಲ್ ಹಿಡಿದು ಬರೆಯುವುದು. ಅದನ್ನು ಕಾರ್ಡಿಗೋ ಟೇಪಿಗೋ ಇಳಿಸುವ ಕೆಲಸ ಬೇರೆ ಕಡೆ ನಡೆಯುತ್ತಿತ್ತು. ಯಾರು ಎಷ್ಟು ಗಂಟೆ ಕೂತರು ಎಂದು ಲೆಕ್ಕ ಇಡುವುದು ಸಾಧ್ಯವಿರಲಿಲ್ಲವಾದ್ದರಿಂದ ಕಂಪನಿ ಇಡೀ ಕೆಲಸಕ್ಕೆ ಇಂತಿಷ್ಟು ಎಂದು ಗುತ್ತಿಗೆ ಒಪ್ಪಿಕೊಳ್ಳುತ್ತಿತ್ತು. ಮಗು ಮಲಗಿದ ಮೇಲೆ ಬರೆದ ಪ್ರೋಗ್ರಾಮಿಗೂ ಹಗಲಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಹುಡುಕುವವರಿಲ್ಲ, ಪ್ರೋಗ್ರಾಮ್ ಸರಿಯಾಗಿ ಓಡಿದರೆ ಸಾಕು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾನ್‌ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮ್ ಸಿದ್ಧವಾದದ್ದು ಹೀಗೆ, ಮನೆಮನೆಗಳಲ್ಲಿ.

ಈ ಹೆಂಗಸರಿಗೆ ಯಾರೂ ರಿಯಾಯಿತಿ ತೋರಿಸಲಿಲ್ಲ, ಅರ್ಹತೆಯ ಮಟ್ಟವನ್ನು ಒಂದು ಕೂದಲೆಳೆಯಷ್ಟೂ ಇಳಿಸಲಿಲ್ಲ. ಬದಲಾದದ್ದು ಗಡಿಯಾರ ಮತ್ತು ಜಾಗ.

ಬೆಂಗಳೂರಿಗೆ ಬರೋಣ. ಇಲ್ಲಿ ಒಂದು ಹೊಸ ಕಂಪನಿ ಹುಟ್ಟುವ ಬಗೆ ನಮಗೆಲ್ಲ ಗೊತ್ತು. ಒಂದೇ ಕಾಲೇಜಿನ ಇಬ್ಬರು ಮೂವರು ಸೇರುತ್ತಾರೆ, ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಲೇಔಟಿನಲ್ಲೋ ಬಾಡಿಗೆಗೆ ಜಾಗ ಹಿಡಿಯುತ್ತಾರೆ, ಮೊದಲ ಹತ್ತು ಜನರನ್ನು ಪರಿಚಯದ ಮೇಲೆ ತುಂಬಿಕೊಳ್ಳುತ್ತಾರೆ. ಮುಖ್ಯವಾದ ಮಾತು ಸಂಜೆ ಏಳರ ಮೀಟಿಂಗಿನಲ್ಲೋ ರಾತ್ರಿ ಊಟದ ಹೊತ್ತಿಗೋ ತೀರ್ಮಾನವಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಮಗುವನ್ನು ಡೇಕೇರಿನಿಂದ ಕರೆತರಬೇಕಾದವಳು, ಹಾಸಿಗೆ ಹಿಡಿದ ತಂದೆಗೆ ಊಟ ಕೊಡಬೇಕಾದವನು, ಲಿಫ್ಟ್ ಇಲ್ಲದ ಎರಡನೇ ಮಹಡಿಗೆ ವ್ಹೀಲ್‌ಚೇರಿನಲ್ಲಿ ಹೋಗಲಾರದವನು, ಇಂಗ್ಲಿಷ್ ಹರಟೆಗೆ ಬಾಯಿ ಬಾರದ ಬೀದರಿನ ಇಂಜಿನಿಯರು, ಇಷ್ಟೂ ಜನ ಅಲ್ಲಿಗೆ ಹೊರಗಿನವರಾಗುತ್ತಾರೆ. ಆಮೇಲೆ ಕಂಪನಿ ಇನ್ನೂರು ಜನರಿಗೆ ಬೆಳೆದಾಗ ವೈವಿಧ್ಯಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸುತ್ತಾರೆ. ಅಷ್ಟರಲ್ಲಿ ಏಳು ಗಂಟೆಯ ಮೀಟಿಂಗು ಕಂಪನಿಯ ಸಂಪ್ರದಾಯವೇ ಆಗಿಬಿಟ್ಟಿರುತ್ತದೆ.

ಕಾನೂನು ಇಲ್ಲಿ ಅರ್ಧ ದಾರಿಗೇ ನಿಂತಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು, ಒಳ್ಳೆಯದೇ. ಆದರೆ ಆ ಸಂಬಳದ ಹೊರೆ ಬಹುಮಟ್ಟಿಗೆ ಕಂಪನಿಯ ಮೇಲೆ. ಹನ್ನೆರಡು ಜನರ ಕಂಪನಿ ಮದುವೆಯ ವಯಸ್ಸಿನ ಹುಡುಗಿಯ ಅರ್ಜಿ ನೋಡಿ ಹಿಂಜರಿದರೆ ಆ ಹಿಂಜರಿಕೆಯನ್ನು ಯಾವ ಕಡತದಲ್ಲೂ ಹಿಡಿಯಲಾಗದು. ಶಿಶುಪಾಲನಾ ಕೇಂದ್ರ ಕಡ್ಡಾಯವಾಗುವುದು 50 ಜನ ಆದಮೇಲೆ. ಕಂಪನಿಯ ಸ್ವಭಾವ ಗಟ್ಟಿಯಾಗುವುದು ಅದಕ್ಕಿಂತ ಮುಂಚೆ. ಈ ರಜೆಯ ವೆಚ್ಚದಲ್ಲಿ ಸರ್ಕಾರ ಪಾಲು ಹೊರದೆ ಸಣ್ಣ ಕಂಪನಿಗಳಿಗೆ ಬುದ್ಧಿ ಹೇಳುವುದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಮನೆಯಿಂದ ಕೆಲಸ ಎಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುವುದಿಲ್ಲ. ನಮ್ಮ ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ತಾಯಂದಿರು ಎಷ್ಟೋ ಕಾಲದಿಂದ ಮನೆಯಿಂದಲೇ ದುಡಿಯುತ್ತಿದ್ದಾರೆ. ಅವರಿಗೆ ಸಿಕ್ಕದ್ದು ಬಿಡಿಗಾಸು. ಶರ್ಲಿ ಇಲ್ಲಿಯೇ ಬೇರೆಯಾಗುವುದು. ಆಕೆ ಕಂಪನಿಯ ಒಡೆತನದಲ್ಲಿ ಪಾಲನ್ನೂ ಸಿಬ್ಬಂದಿಗೆ ಹಂಚಿದರು. ಮುಂದೆ ಷೇರಿನ ಬೆಲೆ ಏರಿದಾಗ ಅವರಲ್ಲಿ 70 ಮಂದಿ ಮಿಲಿಯಾಧೀಶರಾದರು.

1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯ ನಿಷೇಧ ಕಾಯ್ದೆ ಬಂತು. ಹೆಂಗಸರಿಗಾಗಿ ಕಟ್ಟಿದ ಕಂಪನಿ ಗಂಡಸರನ್ನೂ ಸೇರಿಸಿಕೊಳ್ಳಲೇಬೇಕಾಯಿತು. ಮೊದಲು ‘ಮಕ್ಕಳಿರುವ ತಾಯಂದಿರಿಗೆ ಕೆಲಸ’ ಎಂದಿದ್ದ ಗುರಿ ಹಂತಹಂತವಾಗಿ ಅಗಲವಾಗುತ್ತ ಬಂದಿತ್ತು. ಈಗ ಅದು, ಮನೆಯಲ್ಲಿ ತಮ್ಮನ್ನು ನೆಚ್ಚಿಕೊಂಡವರು ಇರುವ, ಮಾಮೂಲಿ ಆಫೀಸಿನ ಚೌಕಟ್ಟಿನಲ್ಲಿ ದುಡಿಯಲಾಗದ ಯಾರಿಗಾದರೂ ಎಂಬಲ್ಲಿಗೆ ಬಂದು ನಿಂತಿತು. ನನಗೆ ಇಡೀ ಕಥೆಯಲ್ಲಿ ಅತಿ ಮುಖ್ಯವೆನಿಸುವುದು ಈ ತಿದ್ದುಪಡಿ. ತಾಯಂದಿರಿಗಾಗಿ ಮಾಡಿದ ಏರ್ಪಾಡು ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳುವ ಗಂಡಸಿಗೂ ಹಾಗೆಯೇ ಒದಗಿತು.

ಟೇಪ್ ಹಾಕಿ ಮರೆಮಾಡಿದ ಆ ಅಳು ಶರ್ಲಿಯವರ ಒಬ್ಬನೇ ಮಗ ಜೈಲ್ಸ್‌ನದು. ಅವನಿಗೆ ತೀವ್ರವಾದ ಆಟಿಸಂ ಇತ್ತು. 35ನೇ ವಯಸ್ಸಿಗೆ ತೀರಿಕೊಂಡ. ಆಕೆ ತಮ್ಮ ಸಂಪತ್ತಿನ ಬಹುಪಾಲನ್ನು ದಾನ ಮಾಡಿದರು. ಅದರಲ್ಲಿ ದೊಡ್ಡ ಭಾಗ ಹೋದದ್ದು ಆಟಿಸಂ ಇರುವವರ ಶಾಲೆ, ಆರೈಕೆ ಮತ್ತು ಸಂಶೋಧನೆಗೆ. 2025ರ ಆಗಸ್ಟಿನಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ, ಶರ್ಲಿ ತೀರಿಕೊಂಡರು. ಸ್ನೇಹಿತರು ಕೊನೆಯವರೆಗೂ ಆಕೆಯನ್ನು ಕರೆಯುತ್ತಿದ್ದದ್ದು ಸ್ಟೀವ್ ಎಂದೇ.