ಬಡ್ಡಿ ಕೇಳದ ದುಡ್ಡಿಗೂ ಒಂದು ಲೆಕ್ಕ ಇದೆ



ಕ್ರಾಸ್ ಹತ್ರ ಇದ್ದ ಟೊಮೆಟೊ ಖರೀದಿ ಕೇಂದ್ರ ಮುಚ್ಚಿದ ಮೇಲೆ ತುಂಬಾ ಜನ ಕೇಳ್ತಿದ್ದಾರೆ, "ಕೋಟಿಗಟ್ಟಲೆ ದುಡ್ಡು ಇದ್ದ ಕಂಪನಿ, ಯಾಕೆ ಹೋದ್ರು?" ಅಂತ. ಆ ಕಂಪನಿ ಹೆಸರು ಇಲ್ಲಿ ಬೇಡ. ಎರಡು ವರ್ಷ ನಾನೂ ಅವರಿಗೇ ಕಾಯಿ ಹಾಕಿದೋನು. ತೂಕ ಸರಿಯಾಗಿತ್ತು, ಕಮಿಷನ್ ಇರಲಿಲ್ಲ, ದುಡ್ಡು ಮಾರನೇ ದಿನ ಖಾತೆಗೆ ಬರ್ತಿತ್ತು. ಒಂದು ಸೋಮವಾರ 60 ಬಾಕ್ಸ್ ತುಂಬಿಕೊಂಡು ಹೋದ್ರೆ ಬೀಗ! ವಾಪಸ್ ಮಂಡಿಗೆ ಹೋದಾಗ ಅಲ್ಲಿನವರು "ಈಗ ನೆನಪಾಯ್ತಾ ಅಣ್ಣಾ ನಾವು?" ಅಂತ ನಕ್ಕರು.

ಆ ನಗು ಮನಸ್ಸಿಂದ ಹೋಗಲಿಲ್ಲ. ಇಂಥ ಕಂಪನಿಗಳ ಹಿಂದಿನ ದುಡ್ಡು ಯಾರದು ಅಂತ ಬೆಂಗಳೂರಲ್ಲಿರೋ ಅಕ್ಕನ ಮಗನ ಹತ್ರ ಕೂತು ಕೇಳ್ದೆ, ಒಂದಷ್ಟು ಓದ್ದೆ. ಇದಕ್ಕೆ ವೆಂಚರ್ ಕ್ಯಾಪಿಟಲ್ ಅಂತಾರೆ. ಪದ್ಧತಿ ಅರ್ಥ ಆಗಲಿ ಅಂತ ಆಕ್ಸೆಲ್ ಅನ್ನೋ ಸಂಸ್ಥೆ ಕಥೆ ಹೇಳ್ತೀನಿ. ನಮ್ಮ ಕ್ರಾಸಿನ ಕೇಂದ್ರಕ್ಕೂ ಇದಕ್ಕೂ ಗಂಟು ಹಾಕಬೇಡಿ.

1983ರಲ್ಲಿ ಅಮೆರಿಕದಲ್ಲಿ ಆರ್ಥರ್ ಪ್ಯಾಟರ್ಸನ್, ಜಿಮ್ ಸ್ವಾರ್ಟ್ಜ್ ಅನ್ನೋ ಇಬ್ಬರು ಇದನ್ನ ಶುರು ಮಾಡಿದ್ರು. ಹೊಸ ತಂತ್ರಜ್ಞಾನದ ಸಣ್ಣ ಕಂಪನಿಗಳಿಗೆ ದುಡ್ಡು ಹಾಕಿ ಪಾಲು ತಗೊಳ್ಳೋದೇ ಕೆಲಸ. 2005ರಲ್ಲಿ ಫೇಸ್‌ಬುಕ್‌ಗೆ 1.27 ಕೋಟಿ ಡಾಲರ್ ಹಾಕಿದ್ರು. ಆಗ ಅದು ಕಾಲೇಜು ಹುಡುಗರ ಕಂಪನಿ, ಶುರುವಾಗಿ ವರ್ಷದ ಮೇಲೆ ಸ್ವಲ್ಪ ದಿನ ಆಗಿತ್ತು ಅಷ್ಟೆ. ಬೆಂಗಳೂರಲ್ಲಿ ಎರಾಸ್ಮಿಕ್ ಅನ್ನೋ ಸಣ್ಣ ಫಂಡ್ ಇತ್ತು, 2008ರಲ್ಲಿ ಅದು ಆಕ್ಸೆಲ್ ಜೊತೆ ಸೇರಿತು. ಮಾರನೇ ವರ್ಷ ಫ್ಲಿಪ್‌ಕಾರ್ಟ್‌ಗೆ ಸುಮಾರು 10 ಲಕ್ಷ ಡಾಲರ್ ಹಾಕಿದ್ರು, ಆಗಿನ್ನೂ ಅದು ಪುಸ್ತಕ ಮಾರೋ ಕಂಪನಿ. 2018ರಲ್ಲಿ ವಾಲ್‌ಮಾರ್ಟ್ ಅದರ ಸುಮಾರು ಶೇ. 77 ಪಾಲಿಗೆ ಕೊಟ್ಟಿದ್ದು 1,600 ಕೋಟಿ ಡಾಲರ್! ಸ್ವಿಗ್ಗಿಗೂ ಮೊದಮೊದಲೇ ದುಡ್ಡು ಹಾಕಿದೋರು ಇವರೇ. 2015ರಲ್ಲಿ ಬೆಂಗಳೂರಲ್ಲಿ ಹುಟ್ಟಿ, ಆಮೇಲೆ ರೈತರಿಂದ ತರಕಾರಿ ತಗೊಂಡು ಅಂಗಡಿಗಳಿಗೆ ಕೊಡೋಕೆ ತಿರುಗಿದ ನಿಂಜಾಕಾರ್ಟ್‌ನಲ್ಲೂ ಇವರ ದುಡ್ಡಿದೆ.

ಈಗ ಲೆಕ್ಕಕ್ಕೆ ಬನ್ನಿ. ಈ ದುಡ್ಡಲ್ಲಿ ಹೆಚ್ಚಿನದು ಇವರ ಸ್ವಂತದ್ದಲ್ಲ. ಪಿಂಚಣಿ ನಿಧಿ, ದೊಡ್ಡ ವಿಶ್ವವಿದ್ಯಾಲಯ, ಶ್ರೀಮಂತರು ಕೊಟ್ಟಿದ್ದು. ಸಾಮಾನ್ಯವಾಗಿ ಒಂದು ಫಂಡಿಗೆ 10 ವರ್ಷದ ಗಡುವು. ನಡೆಸೋರಿಗೆ ವರ್ಷಕ್ಕೆ ಸುಮಾರು ಶೇ. 2 ಖರ್ಚಿಗೆ, ಲಾಭದಲ್ಲಿ ಶೇ. 20 ಪಾಲು, ಇದು ಆ ವ್ಯಾಪಾರದ ವಾಡಿಕೆ. ಬಡ್ಡಿ ಇಲ್ಲ, ಪಹಣಿ ಅಡ ಇಲ್ಲ. ಕಂಪನಿ ಮುಳುಗಿದ್ರೆ ದುಡ್ಡೂ ಮುಳುಗಿತು. ಹಾಕಿದ್ದರಲ್ಲಿ ಹೆಚ್ಚಿನವು ಕೈ ಕೊಡ್ತವೆ ಅಂತ ಗೊತ್ತಿದ್ದೇ ಹಾಕ್ತಾರೆ, ಒಂದು ಗೆದ್ರೆ ಸೋತಿದ್ದೆಲ್ಲಾ ತುಂಬಿಕೊಡುತ್ತೆ.

ಇದು ನಮಗೆ ಹೊಸದಾ? ಟೊಮೆಟೊನೂ ಇದೇ ಜೂಜು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಕಾಯಿ ಕೀಳೋ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದಿದ್ದೂ ನಾವೇ. ವ್ಯತ್ಯಾಸ ಇಷ್ಟೇ, ಅವರದು ಹತ್ತಾರು ಹೊಲದ ಬೆಳೆ, ನಮ್ಮದು ಒಂದೇ ಹೊಲ. ಅವರು ಒಂಬತ್ತು ಸಲ ಸೋಲಬಹುದು. ನಾವು ಒಂದು ಸಲ ಸೋತ್ರೆ ಮನೆ ಒಡವೆ ಬ್ಯಾಂಕಿಗೆ ಹೋಗುತ್ತೆ.

ಅದಕ್ಕೇ "ಆಪ್‌ನೋರೆಲ್ಲಾ ಮೋಸಗಾರರು" ಅನ್ನೋ ಮಾತನ್ನ ನಾನು ಒಪ್ಪಲ್ಲ. ಅವರಿಂದ ನಾವು ಸರಿಯಾದ ತೂಕ ಕಂಡ್ವಿ. ಆದ್ರೆ ಕಮಿಷನ್ ಇಲ್ಲದ ಆ ರೇಟ್ ಬರೀ ವ್ಯಾಪಾರದಿಂದ ಬಂದಿದ್ದು ಅಂತ ನಂಬಿದ್ದು ನಮ್ಮ ತಪ್ಪು. ಬೇಗ ಬೆಳೀಲಿ ಅಂತ ಹಿಂದಿನವರು ಹಾಕಿದ ದುಡ್ಡೂ ಅದರಲ್ಲಿ ಇರುತ್ತೆ. ಬೆಳೀಲಿಲ್ಲ ಅಂದ್ರೆ ಅವರು ಕೈ ತೊಳ್ಕೋತಾರೆ, ಅದು ಅವರ ಪದ್ಧತಿ. ಅವರನ್ನ ನಂಬಿ ನಾನು ಮಂಡಿ ಕಡೆ ತಲೆ ಹಾಕದೇ ಇದ್ದಿದ್ದು ನನ್ನ ದಡ್ಡತನ.

ಹಾಲಿನ ಡೇರಿ ನೋಡಿ. ರೇಟ್ ಕಮ್ಮಿ ಅಂತ ದಿನಾ ಬೈತೀವಿ. ಆದ್ರೆ ಸಂಘದ ಷೇರು ನಮ್ಮದು. ಬಾಗಿಲು ಹಾಕಬೇಕು ಅಂದ್ರೂ ನಮ್ಮ ಸಭೆಯಲ್ಲಿ ನಮ್ಮನ್ನ ಕೇಳಬೇಕು, ಒಂದು ಸೋಮವಾರ ಸುಮ್ನೆ ಬೀಗ ಜಡಿಯೋಕಾಗಲ್ಲ. ಟೊಮೆಟೊಗೆ ನಮ್ಮೂರಲ್ಲಿ ಅಂಥದ್ದು ಇಲ್ಲ.

ನಾಳೆ ಇನ್ನೊಂದು ಕಂಪನಿ ಬಂದೇ ಬರುತ್ತೆ. ಬರಲಿ, ಕಾಯಿ ಹಾಕೋಣ, ಆದ್ರೆ ಅರ್ಧ ಮಾತ್ರ. ಹಿಂದಿನ ಲೋಡಿನ ದುಡ್ಡು ಬರದೆ ಮುಂದಿನ ಲೋಡು ಬೇಡ. ಅವರನ್ನ ಎರಡು ಮಾತು ಕೇಳಿ: ನಿಮಗೆ ದುಡ್ಡು ಹಾಕಿದೋರು ಯಾರು? ಎಷ್ಟು ವರ್ಷಕ್ಕೆ? ಉಳಿದರ್ಧ ಮಂಡಿಗೆ ಹಾಕುವಾಗ, ಕಂಪನಿಯೋರು ಕೊಡ್ತಿದ್ದಂಥ ತೂಕದ ಚೀಟಿನೇ ಅಲ್ಲೂ ಕೇಳೋಣ. ಒಬ್ಬನೇ ಕೇಳಿದ್ರೆ ನಗ್ತಾರೆ. ಇಪ್ಪತ್ತು ಜನ ಒಟ್ಟಿಗೆ ಹೋದ್ರೆ ಕೊಡ್ತಾರೆ. ಬರೋರು ಕೆಳಗೆ ಹೆಸರು ಹಾಕಿ.